ಐದನೆಯ ಡಬ್ಬಿಯಲ್ಲಿ ಯಾರೂ ಇರಲಿಲ್ಲ

ಕ್ಯಾಂಪಿನ ಮೈದಾನದಲ್ಲಿ ಸೈನಿಕರು ಏಕ್ ದೋ ಏಕ್ ಎಂದು ಹೆಜ್ಜೆ ಹಾಕುವಾಗ ಮೂರು ಎಂಬುದು ಯಾಕೆ ಬರುವುದೇ ಇಲ್ಲ ಎಂದು ಪ್ರಮಿಳಾ ಹನ್ನೊಂದು ವರ್ಷಗಳಿಂದ ಕೇಳಿಕೊಳ್ಳುತ್ತ ಬಂದಿದ್ದಳು. ಇವತ್ತೂ ಮೈಕ್ರೋಸ್ಕೋಪಿನ ಮೇಲೆ ಬಗ್ಗಿ, ಬಲಗೈಯಲ್ಲಿ ಚಿಮಟ ಹಿಡಿದು ಕೂತಾಗ ಆ ಎಣಿಕೆ ಹೆಂಚಿನ ಸಂದಿಯಿಂದ ಒಳಗಿಳಿದು ಅವಳ ಎಣಿಕೆಯೊಳಗೆ ಸೇರಿಕೊಂಡಿತು. ಎಪ್ಪತ್ತೊಂದು, ಎಪ್ಪತ್ತೆರಡು, ಎಪ್ಪತ್ತೊಂದು. ತಟ್ಟೆಯಲ್ಲಿದ್ದ ಗುಲಾಬಿ ಬಣ್ಣದ ಹುಳಗಳನ್ನೆಲ್ಲ ಮತ್ತೆ ಒಂದು ಬದಿಗೆ ಸರಿಸಿ ಮೊದಲಿನಿಂದ ಶುರುಮಾಡಿದಳು. ಪ್ರಯೋಗಾಲಯದ ಈ ಹಿಂದಿನ ಕೋಣೆ ಒಂದು ಕಾಲಕ್ಕೆ ಯಾವನೋ ಇಂಗ್ಲಿಷ್ ಅಧಿಕಾರಿಯ ಅಡುಗೆಮನೆಯಾಗಿತ್ತಂತೆ. ಈಗ ಇಲ್ಲಿ ಘಟ್ಟದ ಕೆಳಗಿನ ಸಮುದ್ರದ ತಳ ಬಿಳಿ ಪ್ಲಾಸ್ಟಿಕ್ ಡಬ್ಬಿಗಳಲ್ಲಿ, ಕಪಾಟಿನ ಮೇಲೆ, ವರ್ಷದ ಪ್ರಕಾರ ಸಾಲಾಗಿ ಕೂತಿತ್ತು. ಬಂದರಿನಲ್ಲಿ ದೋಣಿ ನಿಲ್ಲಲು ಧಕ್ಕೆ ಕಟ್ಟುವ ಮೊದಲು, ತಳ ಅಗೆಯುವ ಮೊದಲು, ಅಲ್ಲಿಯ ಕೆಸರಿನಲ್ಲಿ ಯಾರು ಯಾರು ಬದುಕಿದ್ದಾರೆ ಎಂದು ಯಾರಾದರೂ ನೋಡಿ ಹೇಳಬೇಕಾಗುತ್ತದೆ. ದೋಣಿಯಿಂದ ಹಗ್ಗ ಕಟ್ಟಿ ಒಂದು ಕಬ್ಬಿಣದ ದವಡೆಯನ್ನು ಇಳಿಸುತ್ತಾರೆ. ತಳಕ್ಕೆ ತಾಗಿದ ಕೂಡಲೇ ಅದು ಬಾಯಿ ಮುಚ್ಚಿ ಒಂದು ತುತ್ತು ಕೆಸರು ಕಚ್ಚಿಕೊಂಡು ಮೇಲೆ ಬರುತ್ತದೆ. ಆ ತುತ್ತು ಜರಡಿಯಲ್ಲಿ ತೊಳೆದು, ಡಬ್ಬಿಗೆ ಬಿದ್ದು, ಬಸ್ಸು ಹತ್ತಿ, ಬೆಳಗಾವಿಗೆ ಬಂದು ಪ್ರಮಿಳಾಳ ಮುಂದೆ ಕೂರುತ್ತದೆ. ಗುಲಾಬಿ ಬಣ್ಣ ಹಾಕಿದರೆ ಮಾಂಸ ಇದ್ದದ್ದು ಮಾತ್ರ ಬಣ್ಣ ಹಿಡಿಯುತ್ತದೆ; ಚಿಪ್ಪು, ಮರಳು, ಕಸ ಹಾಗೇ ಉಳಿಯುತ್ತವೆ. ಬಣ್ಣ ಹಿಡಿದದ್ದರಲ್ಲೂ ತಲೆ ಇದ್ದದ್ದನ್ನಷ್ಟೇ ಎಣಿಸಬೇಕು, ಬಾಲ ಎಷ್ಟೇ ಉದ್ದವಿರಲಿ, ತಲೆ ಇಲ್ಲದಿದ್ದರೆ ಅದು ಯಾರೂ ಅಲ್ಲ. ಗೋಡೆಯ ಮೇಲೆ ಅಂಟಿಸಿದ ನಿಯಮಗಳಲ್ಲಿ ಇದು ಮೂರನೆಯದು. ಹನ್ನೊಂದು ವರ್ಷಗಳಲ್ಲಿ ಲಕ್ಷಕ್ಕೆ ಹತ್ತಿರ ತಲೆಗಳನ್ನು ಎಣಿಸಿದ ಪ್ರಮಿಳಾ ಸಮುದ್ರವನ್ನು ಒಮ್ಮೆಯೂ ನೋಡಿರಲಿಲ್ಲ.

ನೋಡದೆಯೂ ಅವಳಿಗೆ ಆ ಬಂದರು ಗೊತ್ತಿತ್ತು, ನೆಲದಡಿ ಮಲಗಿದವರಿಗೆ ಮೇಲೆ ನಡೆಯುವವರ ಸಪ್ಪಳ ಗೊತ್ತಿರುವ ಹಾಗೆ. ಪ್ರವಾಸಿಗರ ಸೀಸನ್ನಿನ ಕೆಸರಿನಲ್ಲಿ ಚಮಕಿ ಇರುತ್ತಿತ್ತು, ಉಗುರಿಗೆ ಹಚ್ಚುವ ಬಣ್ಣದ ಚೂರು, ಒಡೆದ ಬಲೂನಿನ ತುಟಿ, ಐಸ್‌ಕ್ರೀಮಿನ ಕಡ್ಡಿ, ಒಮ್ಮೆ ಒಂದು ಗೊಂಬೆಯ ಬೂಟು. ಆ ಬೂಟಿನೊಳಗೆ ಒಂದು ಹುಳ ಮರಳಿನ ಕೊಳವೆ ಕಟ್ಟಿಕೊಂಡು ಸಂಸಾರ ಹೂಡಿತ್ತು. ಮೇಲೆ ಡಾಲ್ಫಿನ್ ತೋರಿಸುತ್ತೇವೆಂದು ಜನರನ್ನು ತುಂಬಿಕೊಂಡ ದೋಣಿಗಳು ಹಾಡು ಹಾಕಿಕೊಂಡು ತಿರುಗುತ್ತಿದ್ದರೆ ಕೆಳಗೆ, ಡೀಸೆಲ್ಲಿನ ನೆರಳಿನಲ್ಲಿ, ಎಳ್ಳಿನಷ್ಟು ಚಿಪ್ಪಿನವರು, ಐದು ಕೈ ಬೀಸಿ ನಡೆಯುವವರು, ಗಂಟಲನ್ನೇ ಹೊರಗೆ ಚಾಚಿ ಕಚ್ಚುವವರು. 'ನಿನ್ನ ಮಂದಿ ಏನಂತಾರ?' ಎಂದು ಪಕ್ಕದ ಕೋಣೆಯಲ್ಲಿ ನೀರಿನ ಪರೀಕ್ಷೆ ಮಾಡುವ ಕೇತಕಿ ಬೆಳಿಗ್ಗೆ ಬೆಳಿಗ್ಗೆ ನಗುತ್ತ ಚಾಷ್ಟಿ ಮಾಡುತ್ತಿದ್ದಳು. 'ಪಾಳೆ ಹಚ್ಚಿ ನಿಂತಾರ,' ಎಂದು ಪ್ರಮಿಳಾ ಹೇಳುತ್ತಿದ್ದಳು. ಈ ಮೂರು ತಿಂಗಳಿಂದ ಕೇತಕಿ ಹಾಗೆ ಕೇಳಿದಾಗಲೆಲ್ಲ ಪ್ರಮಿಳಾ ಕೇಳಿಸದವಳಂತೆ ನಲ್ಲಿ ಬಿಡುತ್ತಿದ್ದಳು.

'ಪ್ರಮಿಳಾ, ಒಂದ್ನಿಮಿಷ ಬರ್ರಿ,' ಎಂದು ಹೃಷೀಕೇಶ ಮುಂದಿನ ಕೋಣೆಯಿಂದ ಕರೆದರು. ಪ್ರಯೋಗಾಲಯ ಅವರದು, ಖಾನಾಪುರದ ಕಾಲೇಜಿನಿಂದ ಬಿಎಸ್ಸಿ ಮುಗಿಸಿ ಬಂದ ಕುರಿಗಾರರ ಹುಡುಗಿಗೆ ಮೊದಲ ದಿನ ತಾವೇ ಸ್ಟೂಲು ಎಳೆದುಕೊಟ್ಟು, ಹುಳದ ತಲೆ ಯಾವುದು ಬಾಲ ಯಾವುದು ಎಂದು ಸಂಜೆಯವರೆಗೆ ತೋರಿಸಿದವರು. ಅವರ ಮೇಜಿನ ಮೇಲೆ ಬಂದರಿನ ಎಂಟು ಜಾಗಗಳ ಲೆಕ್ಕದ, ಎಂಟು ಸಾಲಿನ ಹಾಳೆ ಇತ್ತು. ಪ್ರಮಿಳಾ ದೂರದಿಂದಲೇ ಐದನೆಯ ಸಾಲನ್ನು ನೋಡಿದಳು. ಅದರಲ್ಲಿದ್ದ ಸೊನ್ನೆ ಅವಳದೇ ಅಕ್ಷರದ್ದು, ದುಂಡಗೆ, ಎಲ್ಲೂ ಬಾಯಿ ಬಿಡದೆ ಮುಚ್ಚಿಕೊಂಡದ್ದು.

'ಮುಕ್ತಾ ಮೇಡಮ್ ಪುಣೆಯಿಂದ ಮೇಲ್ ಮಾಡ್ಯಾರ. ನಮ್ಮ ವರದಿ ಪರೀಕ್ಷಾ ಮಾಡೂದು ಅವರಲ್ಲ? ನಾಕರಾಗ ಮುನ್ನೂರಾ ಹನ್ನೆರಡು, ಆರರಾಗ ಇನ್ನೂರಾ ತೊಂಬತ್ತು, ನಡುವ ಐದರಾಗ ಸೊನ್ನಿ ಹ್ಯಾಂಗ ಅಂತ ಕೇಳ್ಯಾರ. ಉಳದ ಕೆಸರ ಇದ್ದರ ಕಳಸ್ರಿ, ಮತ್ತೊಮ್ಮೆ ನೋಡ್ತೀನಿ ಅಂತಾರ.' ಹೃಷೀಕೇಶ ಕನ್ನಡಕ ತೆಗೆದು ಒರೆಸಿದರು. 'ಕಪಾಟಿನ್ಯಾಗ ಐದನೇ ಡಬ್ಬಿ ಕಾಣವಲ್ದು. ಒಡದದ ಅಂತ ಬರದಬಿಡ್ತೀನಿ. ಡಬ್ಬಿ ಒಡೀತಾವ, ಅದರಾಗೇನದ. ನೀವು ಎಣಿಸಿದವರು ಅಂತ ಇಲ್ಲೊಂದು ಸಹಿ ಮಾಡ್ರಿ, ನಾಳೆ ಹನ್ನೊಂದಕ್ಕ ಕಳಸೂಣು.'

'ಸರ್, ಆ ಐದನೇ ಜಾಗಾದಾಗ ಏನ್ ಕಟ್ಟತಾರ್ರಿ?'

'ಕಟ್ಟೂದಲ್ಲರೀ, ಅಗೀತಾರ. ದೊಡ್ಡ ಟೂರಿಸ್ಟ್ ಬೋಟು ನಿಲ್ಲಬೇಕಂದ್ರ ಆಳ ಬೇಕಲ್ಲ. ಅಗಿಯೂದಾದ್ರ ಸತ್ತ ಜಾಗಾದಾಗ ಅಗೀರಿ, ಜೀವ ಇದ್ದಲ್ಲಿ ಮುಟ್ಟಬ್ಯಾಡ್ರಿ ಅಂತ ನಾವ ಬರದೀವಿ. ಎಂಟರಾಗ ಸತ್ತ ಜಾಗಾ ಅದೊಂದ. ಒಂಥರಾ ಛಲೋನ ಆತು.' ಅವರು ನಿಜವಾಗಿ ಸಮಾಧಾನದಿಂದ ಹೇಳಿದರು. ಆ ಸಮಾಧಾನ ನೋಡಿ ಪ್ರಮಿಳಾ ಮೇಜಿನಿಂದ ಹಾಳೆ ಎತ್ತಿಕೊಂಡಳು. ಹಾಳೆ ಮನೆಗೆ ಒಯ್ಯುತ್ತೇನೆ, ಒಮ್ಮೆ ನೋಡಿ ಸಹಿ ಮಾಡಿ ತರುತ್ತೇನೆ ಅಂದಳು. 'ಸೊನ್ನಿ ಏನ ನೋಡ್ತೀರಿ ಮತ್ತ ಮತ್ತ?' ಎಂದು ಅವರು ನಕ್ಕರು. 'ಆತು, ಒಯ್ರಿ. ಹನ್ನೊಂದರೊಳಗ ಬರ್ರಿ ಅಷ್ಟ.'

ಐದನೆಯ ಡಬ್ಬಿ ಒಡೆದಿರಲಿಲ್ಲ. ಅದು ಖಾನಾಪುರದಲ್ಲಿ, ಅವ್ವನ ಕುರಿದಡ್ಡಿಯಲ್ಲಿ, ಹಿಂಡಿಚೀಲದ ಹಿಂದೆ ಇತ್ತು. ಫೆಬ್ರುವರಿಯಲ್ಲಿ ಅವಳೇ ಟಿಫಿನ್ ಚೀಲದಲ್ಲಿ ಹಾಕಿಕೊಂಡು ಹೋಗಿ ಅಲ್ಲಿಟ್ಟಿದ್ದಳು, ಯಾಕೆಂದರೆ ಕಪಾಟಿನ ಬಳಿ ಹೋದಾಗಲೆಲ್ಲ ಆ ಒಂದು ಡಬ್ಬಿಯಿಂದ ವಾಸನೆ ಬರುತ್ತಿತ್ತು, ಬೇರೆ ಯಾರಿಗೂ ಬರುತ್ತಿರಲಿಲ್ಲ. ಮೂರನೆಯ ಇಯತ್ತೆಯಲ್ಲಿ ಪಕ್ಕದಲ್ಲಿ ಕೂತ ಹುಡುಗಿ ಮೂಗು ಮುಚ್ಚಿಕೊಂಡು 'ಬಾಯಿ, ಈಕಿ ಕುರಿ ನಾರ್ತಾಳ್ರಿ' ಅಂದಾಗ ಇದರ ಉಲ್ಟಾ, ಪ್ರಮಿಳಾಗೆ ತನ್ನ ವಾಸನೆ ಬರುತ್ತಿರಲಿಲ್ಲ, ಉಳಿದವರಿಗೆಲ್ಲ ಬರುತ್ತಿತ್ತು. ಪಾಠ ಹೇಳುವ ಬಾಯಿ ಆ ಹುಡುಗಿಯನ್ನು ಬೇರೆ ಬೆಂಚಿಗೆ ಕೂರಿಸಿದರು. ಆ ಮೇಲೆ ಪ್ರಮಿಳಾ ಕೈ ತೊಳೆಯುತ್ತ ಬೆಳೆದಳು. ತೊಳೆದು ತೊಳೆದು ಕುರಿ ಹೋಯಿತು, ಹುಳ ಕೊಳೆಯದಂತೆ ಹಾಕುವ ಫಾರ್ಮಾಲಿನ್ನಿನ ವಾಸನೆ ಬಂತು. ಹೋದ ವರ್ಷದ ಸಂಕ್ರಾಂತಿಯ ಹಳದಿ-ಕುಂಕುಮಕ್ಕೆ ಟಿಳಕವಾಡಿಯ ಕೇತಕಿಯ ಮನೆಗೆ ಕೆಲಸದಿಂದ ಸೀದಾ ಹೋಗಿದ್ದಳು. ಕೇತಕಿಯ ಅತ್ತೆ ಸುಮನ್ ಕಾಕು ಅರಿಶಿನದ ಬೆರಳು ಹಿಡಿದು ಬಗ್ಗಿದವರು ಅರ್ಧಕ್ಕೆ ನಿಂತು, ಹಿಂದೆ ಯಾರಿಗೋ ಮರಾಠಿಯಲ್ಲಿ 'ಕಸಲಾ ವಾಸ್ ಯೇತೋಯ್ ಗ?' ಅಂದರು, ಏನಿದು ವಾಸನೆ ಎಂದು, ಪ್ರಮಿಳಾಗೆ ಮರಾಠಿ ಬರುವುದಿಲ್ಲ ಎನ್ನುವ ಹಾಗೆ. ಆಮೇಲೆ ತೋಳು ಪೂರ್ತಿ ಚಾಚಿ ಕುಂಕುಮ ಹಚ್ಚಿದರು. ಜಮಖಾನೆಯ ಮೇಲೆ ಅವಳ ಮತ್ತು ಪಕ್ಕದ ಹೆಂಗಸಿನ ನಡುವೆ ಒಂದು ಗೇಣು ಜಾಗ ಬಿದ್ದಿತ್ತು. ಆ ಗೇಣನ್ನು ಅವಳು ಒಂದು ವರ್ಷ ಹೊತ್ತುಕೊಂಡು ತಿರುಗಿದಳು.

ಹಾಗಾಗಿ ಈ ಜನವರಿಯಲ್ಲಿ ಹಸಿರು ಸೀರೆಯನ್ನು ಚೀಲದಲ್ಲಿ ತಂದಿದ್ದಳು. ಅದೇ ಶುಕ್ರವಾರ ಮೂರು ಗಂಟೆಯ ಬಸ್ಸಿಗೆ ಬಂದರಿನ ಎಂಟು ಡಬ್ಬಿ ಬಂದವು, ಐಸಿನ ಪೆಟ್ಟಿಗೆಯಲ್ಲಿ, ಬರೀ ಉಪ್ಪುನೀರಿನಲ್ಲಿ. ಫಾರ್ಮಾಲಿನ್ ಹಾಕಿದ ಡಬ್ಬಿಯನ್ನು ಯಾವ ಕಂಡಕ್ಟರೂ ಬಸ್ಸಿಗೆ ಹತ್ತಿಸಿಕೊಳ್ಳುವುದಿಲ್ಲ, ಮಂದಿಯ ಕಣ್ಣಲ್ಲಿ ನೀರು ಬರುತ್ತದೆ ಎಂದು. ಅದಕ್ಕೇ ಅವನ್ನು ಬೆಳಗಾವಿಗೆ ಇಳಿದ ಸಂಜೆಯೇ ಫಾರ್ಮಾಲಿನ್ ಹಾಕಿ ಭದ್ರಮಾಡಬೇಕು. ಗೋಡೆಯ ಮೇಲೆ ಬರೆಯದ, ಆದರೆ ಎಲ್ಲಕ್ಕಿಂತ ಮೇಲಿನ ನಿಯಮ ಅದು. ಹಾಕದಿದ್ದರೆ ಒಳಗಿರುವವರು ಕತ್ತಲಲ್ಲಿ ಒಬ್ಬರ ಮೇಲೊಬ್ಬರು ಸತ್ತು ಕರಗಿಹೋಗುತ್ತಾರೆ. ಅವಳು ಕೈಗವಸು ತೊಟ್ಟು ಏಳು ಡಬ್ಬಿಗಳಿಗೆ ಹಾಕಿದಳು. ಪೆಟ್ಟಿಗೆಯ ಮೂಲೆಯಲ್ಲಿದ್ದ ಐದನೆಯದಕ್ಕೆ ಬಂದಾಗ ಕ್ಯಾನು ಖಾಲಿಯಾಯಿತು. ಹೊಸ ಕ್ಯಾನಿನ ಬಿರಡೆ ಒಡೆದರೆ ಯಾವಾಗಲೂ ಒಂದಿಷ್ಟು ಮೈಮೇಲೆ ಹಾರುತ್ತದೆ. ಆರು ಗಂಟೆಯಾಗಿತ್ತು, ಇನ್ನು ಸೀರೆ ಉಡುವುದಿತ್ತು. ಐಸ್ ಇನ್ನೂ ಇದೆ, ನಾಳೆ ಬೆಳಿಗ್ಗೆ ಬಂದು ಹಾಕಿದರಾಯಿತು ಎಂದುಕೊಂಡಳು. ಬೆಳಿಗ್ಗೆ ಅವಳಿಗೆ ನೆನಪಾಗಲಿಲ್ಲ. ಜ್ವರ ಬಂದಿರಲಿಲ್ಲ, ಯಾರೂ ಸತ್ತಿರಲಿಲ್ಲ. ಆ ಸಂಜೆ ಸುಮನ್ ಕಾಕು ಅವಳ ಗದ್ದ ಹಿಡಿದೆತ್ತಿ ಅರಿಶಿನ ಹಚ್ಚಿದ್ದರು, ಎರಡೂ ಬದಿಯ ಹೆಂಗಸರ ಮೊಣಕಾಲು ಅವಳ ಮೊಣಕಾಲಿಗೆ ತಾಗಿದ್ದವು, ಎಳ್ಳಿನುಂಡೆ ತಿನ್ನುತ್ತ ಯಾರೋ ಅವಳ ಭುಜಕ್ಕೆ ಒರಗಿ ನಕ್ಕಿದ್ದರು, ಆ ಸುಖದಲ್ಲಿ ಶನಿವಾರ ಮತ್ತು ರವಿವಾರ ಹೋದವು. ಸೋಮವಾರ ಏಳು ಡಬ್ಬಿಗಳನ್ನೇ ನೋಡಿದಳು. ಮಂಗಳವಾರ ಮುಚ್ಚಳ ತೆರೆದಾಗ ಒಳಗಿನ ಗಾಳಿ ಯಾರೋ ಹಿಡಿದಿಟ್ಟ ಉಸಿರು ಬಿಟ್ಟಂತೆ ಹೊರಬಂತು.

ನಿಯಮದ ಪ್ರಕಾರ ಎಲ್ಲ ಮಾಡಿದಳು. ತೊಳೆದಳು, ಬಣ್ಣ ಹಾಕಿದಳು. ನೀರು ಗುಲಾಬಿಯಾಯಿತು, ನೀರಿನಲ್ಲಿ ಯಾರೂ ಗುಲಾಬಿಯಾಗಲಿಲ್ಲ. ಖಾಲಿ ಚಿಪ್ಪು, ಮರಳು, ಒಂದು ಕೂದಲಿನ ಪಿನ್ನು. ಮತ್ತೆ, ತಟ್ಟೆಯ ತುಂಬ, ಜೀರಿಗೆಯ ಮೂತಿಗಿಂತ ಸಣ್ಣ ಕಪ್ಪು ಕೊಕ್ಕೆಗಳು. ಗಂಟಲು ಚಾಚಿ ಕಚ್ಚುವ ಆ ಹುಳಗಳಿಗೆ ಬಾಯಲ್ಲಿ ನಾಲ್ಕು ಹಲ್ಲು, ದಿಕ್ಕಿಗೊಂದು. ಮೈ ಕೊಳೆತರೂ ಹಲ್ಲು ಕೊಳೆಯುವುದಿಲ್ಲ. ಅಲ್ಲಲ್ಲಿ ನಾಲ್ಕು ನಾಲ್ಕೇ ಎದುರುಬದುರಾಗಿ, ಬಾಯಿ ಹೋದ ಮೇಲೂ ಬಾಯಿಯ ಆಕಾರದಲ್ಲಿ ನಿಂತಿದ್ದವು. ಅವು ಬಣ್ಣ ಹಿಡಿಯುವುದಿಲ್ಲ, ತಲೆಯಲ್ಲ. ಅವಳು ಅವನ್ನು ನೋಡಿದಳು, ಬಹಳ ಹೊತ್ತು ನೋಡಿದಳು, ತಟ್ಟೆಯದನ್ನೆಲ್ಲ ಮತ್ತೆ ಡಬ್ಬಿಗೆ ಸುರಿದು, ಹಾಳೆ ಎಳೆದುಕೊಂಡು ದುಂಡಗೆ ಸೊನ್ನೆ ಬರೆದಳು.

ಇವತ್ತು ಮಧ್ಯಾಹ್ನ ರಜೆ ಹೇಳಿ ಖಾನಾಪುರದ ಬಸ್ಸು ಹಿಡಿದಳು. ಏಪ್ರಿಲ್ ಬಿಸಿಲಿಗೆ ಕಿಟಕಿಯ ಕಂಬಿ ಮುಟ್ಟಲಾಗುತ್ತಿರಲಿಲ್ಲ. ಬಸ್ಸಿನ ತುಂಬ ಹೆಂಗಸರು. ಹೆಂಗಸರಿಗೆ ಪುಕ್ಕಟೆಯಾದಾಗಿನಿಂದ ಯಂತ್ರ ಅವರಿಗೆಲ್ಲ ಸೊನ್ನೆ ರೂಪಾಯಿಯ ಟಿಕೆಟ್ ಕೊಡುತ್ತದೆ. ಕಾಯಿಪಲ್ಲೆ ಮಾರಿ ಮರಳುವವರು, ಕಾಲೇಜಿನವರು, ಮಡಿಲಲ್ಲಿ ಕೂಸು ಹೊತ್ತವರು, ಎಲ್ಲರ ಮುಷ್ಟಿಯಲ್ಲೂ ಒಂದೊಂದು ಸೊನ್ನೆ. ಪ್ರಮಿಳಾ ಬೇಡವೆಂದರೂ ತಲೆಗಳನ್ನು ಎಣಿಸುತ್ತಿದ್ದಳು. ಎದುರಿನ ಸೀಟಿನಲ್ಲಿ ಒಬ್ಬ ಮುದುಕ ಕಂಬಳಿಯನ್ನು ನೆತ್ತಿಯ ಮೇಲಿಂದ ಪೂರ್ತಿ ಎಳೆದುಕೊಂಡು ಮಲಗಿದ್ದ. ಅವನನ್ನು ಎಣಿಸಬೇಕೋ ಬೇಡವೋ ತಿಳಿಯದೆ ಅವಳ ಲೆಕ್ಕ ಅಲ್ಲೇ ಸಿಕ್ಕಿಕೊಂಡಿತು. ಪೀರನವಾಡಿ ದಾಟಿದ ಮೇಲೆ ಕಂಡಕ್ಟರೂ ಎಣಿಸುತ್ತ ಬಂದ. ಹಿಂದಿನವರೆಗೆ ಹೋಗಿ, ಯಂತ್ರ ನೋಡಿ, ಮತ್ತೆ ಮುಂದಿನಿಂದ ಎಣಿಸಿದ. 'ಒಂದ ತಲಿ ಜಾಸ್ತಿ ಬರಾಕತ್ತೈತಿ. ಯಾರ್ರೀ ಟಿಕೆಟ್ ತೊಗೊಂಡಿಲ್ಲ?' ಹೆಂಗಸರು ತಮ್ಮ ತಮ್ಮ ಚೀಟಿ ಎತ್ತಿ ತೋರಿಸಿದರು. 'ಪುಕ್ಕಟ ಐತಿ, ಅದಕ್ಕೂ ಕಳ್ಳತನ ಮಾಡ್ತೀರೇನ ಮಾರಾಯ್ರ!' ಎಂದ. ಹೆಂಗಸರು ಗೊಳ್ಳೆಂದು ನಕ್ಕರು. ನಗದವಳು ತಾನೊಬ್ಬಳೇ ಎಂದು ಪ್ರಮಿಳಾಗೆ ಅನ್ನಿಸಿತು, ಆಮೇಲೆ ಕಂಬಳಿಯೊಳಗಿನವನೂ ನಕ್ಕಿರಲಿಕ್ಕಿಲ್ಲ ಅನ್ನಿಸಿತು. ಕಂಡಕ್ಟರ್ ಮೂರನೆಯ ಸಲ ಎಣಿಸಲಿಲ್ಲ. ದೇಸೂರಿನಲ್ಲಿ ಕಂಬಳಿಯ ಮುದುಕ ಎದ್ದು ಇಳಿದುಹೋದ. ಅವನಿಗೆ ತಲೆ ಇತ್ತು.

ಅವ್ವ ಮಾಯವ್ವ ಅಂಗಳದ ನೆರಳಿನಲ್ಲಿ ಒಂದು ಕುರಿಯನ್ನು ಮಂಡಿಯ ನಡುವೆ ಒತ್ತಿ ಹಿಡಿದು ಕಿವಿಯ ಹಿಂದಿನ ಉಣ್ಣಿ ತೆಗೆಯುತ್ತಿದ್ದಳು. ಮಗಳು ಗುರುವಾರ ಬಂದದ್ದು ನೋಡಿ ಕೈ ನಿಲ್ಲಿಸಲಿಲ್ಲ. 'ನೌಕರಿ ಬಿಟ್ಟಿ ಏನ?'

'ಇಲ್ಲ. ಒಂದ ಡಬ್ಬಿ ಇಟ್ಟಿದ್ನೆಲ್ಲ ಅವ್ವ, ದಡ್ಡ್ಯಾಗ. ಐತಿಲ್ಲ?'

'ಐತಿ. ಎಲ್ಲಿ ಹೋಗತೈತಿ. ನೀ ಅದನ್ನ ಇಟ್ಟಾಗಿಂದ ಆ ಮೂಲಿಗೆ ಒಂದ ಕುರೀನೂ ಮಲಗವಲ್ದು ನೋಡು. ಸುತ್ತ ಒಂದ ಗೇಣ ಜಾಗಾ ಬಿಟ್ಟ ಮಲಗ್ತಾವ. ಏನ ಇಟ್ಟೀದಿ ಅದರಾಗ? ಹೆಣ ಏನ?'

ದಡ್ಡಿಯೊಳಗೆ ಕತ್ತಲು ಬೆಚ್ಚಗಿತ್ತು. ಹಿಂಡಿಚೀಲ ಸರಿಸಿದಳು. ಎಂಟೊಂಬತ್ತು ಕುರಿಗಳು ಬಿಸಿಲಿಗೆ ಬಸವಳಿದು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು, ಆದರೆ ನಿಜವಾಗಿಯೂ ಆ ಮೂಲೆಯ ಸುತ್ತ ನೆಲ ಅರ್ಧಚಂದ್ರದ ಹಾಗೆ ಸ್ವಚ್ಛ ಇತ್ತು, ಒಂದು ಹಿಕ್ಕೆಯೂ ಬಿದ್ದಿರಲಿಲ್ಲ. ಜಮಖಾನೆಯ ಮೇಲಿನ ಆ ಜಾಗ ತನಗಿಂತ ಮೊದಲೇ ಬಂದು ಇಲ್ಲಿ ಕೂತಿದೆ. ಅವಳು ಅರ್ಧಚಂದ್ರವನ್ನು ತುಳಿದು ಒಳಹೋಗಿ ಡಬ್ಬಿ ಎತ್ತಿಕೊಂಡಳು. ಕುರಿಗಳು ಕತ್ತು ತಿರುಗಿಸಿ ನೋಡಿದವು, ಎಲ್ಲ ಒಟ್ಟಿಗೆ.

ಅಂಗಳದಲ್ಲಿ ಸ್ಟೀಲಿನ ತಾಟಿಗೆ ಕೆಸರನ್ನು ಸುರಿದು, ನೀರು ಬಿಟ್ಟು, ಬಾಗಿಸಿ ಬಾಗಿಸಿ ಮೇಲಿನದನ್ನು ತೆಗೆದು, ಕೈಭೂತಗನ್ನಡಿ ಹಿಡಿದು ಕೂತಳು. ಯಾಕೆ ಹೀಗೆ ಮಾಡುತ್ತಿದ್ದೇನೆ ಎಂದು ಅವಳಿಗೆ ಸ್ಪಷ್ಟವಿರಲಿಲ್ಲ. ನಾಳೆ ಹನ್ನೊಂದಕ್ಕೆ ಸಹಿ ಮಾಡಿದರೆ ಎಲ್ಲ ಮುಗಿಯುತ್ತದೆ, ಹೂಳೆತ್ತುವ ಯಂತ್ರ ಇಳಿಯುತ್ತದೆ, ಐದನೆಯ ಜಾಗ ನಿಜವಾಗಿಯೂ ಸತ್ತ ಜಾಗವಾಗುತ್ತದೆ, ಆಗ ಅವಳ ಸೊನ್ನೆ ಸುಳ್ಳಾಗಿ ಉಳಿಯುವುದಿಲ್ಲ. ಇದು ಅವಳಿಗೆ ಬಸ್ಸಿನಲ್ಲೇ ಹೊಳೆದಿತ್ತು, ಮತ್ತು ಹೊಳೆದಾಗ ಒಂದು ಕ್ಷಣ ಹಗುರವೂ ಆಗಿತ್ತು. ಆ ಹಗುರ ನೆನಪಾಗಿ ಅವಳು ತಾಟನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಹೇಳಿದರೆ ಕುರ್ಚಿ ಹೋಗುತ್ತದೆ. ಪ್ರಯೋಗಾಲಯದ ಹೆಸರು ಹೋಗುತ್ತದೆ, ಮಳೆಗಾಲ ಮುಗಿದ ಮೇಲೆ ಎಲ್ಲ ಮೊದಲಿನಿಂದ ಆಗಬೇಕಾಗುತ್ತದೆ, ಸ್ಟೂಲು ಎಳೆದುಕೊಟ್ಟ ಹೃಷೀಕೇಶರು ಅವಳ ಮುಖ ನೋಡುವುದಿಲ್ಲ. ಯಾಕೆ ಹಾಕಲಿಲ್ಲ ಎಂದು ಅವರು ಕೇಳಿದರೆ ಹಸಿರು ಸೀರೆಯ ಮಾತು ಹೇಳಬೇಕು, ಅದಕ್ಕಿಂತ ಹಿಂದಿನ ಬೆಂಚಿನ ಮಾತು ಹೇಳಬೇಕು.

'ಸರಿ ಆಕಡೆ,' ಎಂದು ಅವ್ವ ಉಣ್ಣಿ ತೆಗೆಯುವ ಪಿನ್ನು ಹಿಡಿದುಕೊಂಡೇ ಬಂದು ಎದುರಿಗೆ ಕೂತಳು, ಕನ್ನಡಕ ಏರಿಸಿದಳು. ಐವತ್ತು ವರ್ಷ ಉಣ್ಣೆಯೊಳಗೆ ಹುಳ ಹುಡುಕಿದ ಬೆರಳು. ಮಗಳು ಒಂದು ತೆಗೆಯುವಷ್ಟರಲ್ಲಿ ಅವಳು ಮೂರು ತೆಗೆದು ಒಂದು ಬಟ್ಟಲ ಅಂಚಿಗೆ ಹಚ್ಚಿದಳು. 'ಏನಿವು?'

'ಹಲ್ಲು.'

'ಯಾರ್ದು?'

'ಹುಳದ್ದು. ಒಬ್ಬೊಬ್ಬರಿಗೆ ನಾಕ.'

ಮಾಯವ್ವ ನಕ್ಕಳು. 'ನಮ್ಮ ಮಂದಿ ಹಲ್ಲಿಗೆ ಹುಳ ಹತ್ತತಾವ, ನಿಮ್ಮ ಸಮುದ್ರದಾಗ ಹುಳಕ್ಕ ಹಲ್ಲ ಬರ್ತಾವೇನ?' ಬಿಸಿಲು ತಾಟಿನಿಂದ ಜಾರಿ ಗೋಡೆಗೆ ಹೋಯಿತು. ಅವರು ತಾಟನ್ನು ಎಳೆದುಕೊಂಡು ಬಿಸಿಲಿನ ಹಿಂದೆ ಸರಿದರು, ಮತ್ತೆ ಸರಿದರು. ರೈಲ್ವೆ ಸೇತುವೆಯ ಮೇಲೆ ಗಾಡಿ ಹೋದಾಗ ಬಟ್ಟಲಲ್ಲಿದ್ದ ಕೊಕ್ಕೆಗಳೆಲ್ಲ ನಡುಗಿದವು. ನಡುಕ ನಿಂತ ಮೇಲೂ ಒಂದೆರಡು ಇನ್ನೂ ಚಲಿಸುತ್ತಿದ್ದವೆಂದು ಪ್ರಮಿಳಾಗೆ ಕಂಡಿತು, ನೀರಿರಬೇಕು ಅಂದುಕೊಂಡಳು. ನಾನೂರಾ ಹದಿನಾಲ್ಕು. ನಾಲ್ಕರಿಂದ ಭಾಗಿಸಿದರೆ ನೂರಾ ಮೂರು, ಎರಡು ಉಳಿದವು.

'ಆ ಎರಡ?' ಅಂದಳು ಅವ್ವ.

'ಅರ್ಧ ಬಾಯಿ.'

'ಇಷ್ಟ ಮಂದಿ ಇದ್ರು ಅಂತ ನಿಮ್ಮ ಸಾಹೇಬ್ರಿಗೆ ಗೊತ್ತೈತೇನ?'

'ಯಾರೂ ಇದ್ದಿಲ್ಲಂತ ಬರದೇನಿ ಅವ್ವ.' ಅವಳು ಮತ್ತೆ ಏನೇನೋ ಹೇಳಿದಳು, ಈ ಹಲ್ಲು ಎಷ್ಟು ವರ್ಷದ್ದೋ ಗೊತ್ತಿಲ್ಲ, ಹಲ್ಲು ಲೆಕ್ಕಕ್ಕೆ ಬರುವುದಿಲ್ಲ, ಇದನ್ನು ಯಾರೂ ಒಪ್ಪುವುದಿಲ್ಲ. ಎಲ್ಲ ನಿಜವಾಗಿತ್ತು. ಅವ್ವ ಪಿನ್ನನ್ನು ಸೆರಗಿಗೆ ಚುಚ್ಚಿಕೊಂಡು, 'ನಿಮ್ಮಪ್ಪ ಯಾವತ್ತರ ಕುರಿ ಎಣಿಸಿದ್ದು ನೋಡೀಯೇನ?' ಅಂದಳು.

ನೋಡಿರಲಿಲ್ಲ. ಸಂಜೆ ದಡ್ಡಿಯ ಬಾಗಿಲಲ್ಲಿ ಅಪ್ಪ ಬೀರಣ್ಣ ಕೋಲೂರಿ ನಿಲ್ಲುತ್ತಿದ್ದ, ಕುರಿಗಳು ಅವನ ಮಂಡಿ ಒರೆಸಿಕೊಂಡು ಒಳಹೋಗುತ್ತಿದ್ದವು, ಅವನ ತುಟಿ ಅಲುಗುತ್ತಿರಲಿಲ್ಲ. ಕೊನೆಯದು ಹೋದ ಮೇಲೆ ಮೋಟಕಿವಿ ಇಲ್ಲ, ಬಿಳಿಮೂಗಿಂದು ಇಲ್ಲ ಎನ್ನುತ್ತಿದ್ದ. ಇರುವವುಗಳನ್ನಲ್ಲ, ಇಲ್ಲದ್ದನ್ನು ಕಾಣುತ್ತಿದ್ದ. ಹತ್ತು ವರ್ಷದ ಪ್ರಮಿಳಾ ಒಂದು ದಿನ ಅವನ ಬದಲು ಬಾಗಿಲಲ್ಲಿ ನಿಂತಿದ್ದಳು, ಸಾಬೂನು ಹಚ್ಚಿದ ಕೈ ಒಣಗುವ ಮೊದಲು ಕುರಿ ಮೈಗೆ ತಾಗಬಾರದೆಂದು ದೂರವೇ ನಿಂತು ಇಪ್ಪತ್ತಾರು ಎಂದು ಎಣಿಸಿ ಎಲ್ಲ ಅದಾವು ಅಂದಿದ್ದಳು. ಇಪ್ಪತ್ತೈದಿದ್ದವು. ಅಪ್ಪ ಒಳಗೆ ಇಣುಕಿ ನೋಡಿ, ಅವಳ ಮುಖ ನೋಡಿ, ಕಂಬಳಿ ಹೊದ್ದು ಹುಡುಕಲು ಹೊರಟ. ಬೆಳಿಗ್ಗೆ ಬರಿಗೈಯಲ್ಲಿ ಬಂದ. ಆ ಮೇಲೂ ಯಾಕೆ ಹಾಗೆ ಹೇಳಿದೆ ಎಂದು ಕೇಳಲಿಲ್ಲ, ಸಾಯುವವರೆಗೂ ಕೇಳಲಿಲ್ಲ. ಅವನು ಕೇಳಬಹುದೆಂದು ಅವಳು ಇಪ್ಪತ್ತು ವರ್ಷ ಕಾದಳು. ಈಗ ಮುಕ್ತಾ ಮೇಡಮ್ ಕೇಳಿದ್ದಾರೆ.

ಚೀಲದಿಂದ ಹಾಳೆ ತೆಗೆದಳು. ಹಾಳೆಯಲ್ಲಿ ತಿದ್ದಬಾರದು, ಒಂದು ಅಡ್ಡಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು, ಅದೂ ನಿಯಮ. ಸೊನ್ನೆಯ ನಡುವೆ ಗೆರೆ ಎಳೆದಳು. ನೂರಾ ಮೂರು ಎಂದು ಬರೆಯಬೇಕೆನ್ನಿಸಿತು. ಅದೂ ಇನ್ನೊಂದು ಬಗೆಯ ಸುಳ್ಳು. ಷರಾ ಎಂಬಲ್ಲಿ ಬರೆದಳು: ಐದನೆಯ ಡಬ್ಬಿಗೆ ನಾನು ಫಾರ್ಮಾಲಿನ್ ಹಾಕಲಿಲ್ಲ. ನಾಲ್ಕು ದಿ‌ನ ಹಾಗೇ ಬಿಟ್ಟೆ. ಒಳಗಿದ್ದವರು ಕರಗಿಹೋದರು. ಹಲ್ಲುಗಳು ಸಿಕ್ಕಿವೆ. ಎಷ್ಟು ಮಂದಿ ಇದ್ದರು ಗೊತ್ತಿಲ್ಲ, ಇದ್ದರು. ಉಳಿದ ಕೆಸರು ನನ್ನ ಬಳಿ ಇದೆ. ಕೆಳಗೆ ಸಹಿ ಮಾಡಿದಳು. ಫೋಟೊ ತೆಗೆದು ಮೊದಲು ಮುಕ್ತಾ ಮೇಡಮ್ಮಿನ ವಿಳಾಸಕ್ಕೆ ಕಳಿಸಿದಳು, ಆಮೇಲೆ ಹೃಷೀಕೇಶರಿಗೆ. ಅವರಿಗೆ ಮೊದಲು ಕಳಿಸಿದ್ದರೆ ಎರಡನೆಯದು ಕಳಿಸಲಾಗುತ್ತಿರಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹಲ್ಲುಗಳನ್ನು ಬಟ್ಟಲಿನಿಂದ ಮತ್ತೆ ಡಬ್ಬಿಗೆ ಸುರಿದಳು. ಕೈ ತೊಳೆಯಲು ಎದ್ದವಳ ಅಂಗೈಯನ್ನು ಅವ್ವ ಹಿಡಿದು ಮೂಗಿನ ಹತ್ತಿರ ಒಯ್ದಳು. 'ನಾರಾಕತ್ತೈತಿ,' ಅಂದಳು. ಅಂದರೂ ಕೈ ಬಿಡಲಿಲ್ಲ.

ಬೆಳಿಗ್ಗೆ ಎಂಟರ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನಿನ್ನೆಯ ಕಂಡಕ್ಟರನೇ. ನಿಲ್ಲಲು ಜಾಗವಿಲ್ಲದಷ್ಟು ಜನ. ಮುಚ್ಚಳ ಎಷ್ಟು ತಿರುಗಿಸಿದರೂ ಪೂರ್ತಿ ಕೂರುತ್ತಿರಲಿಲ್ಲ. ಪ್ರಭುನಗರ ಬರುವಷ್ಟರಲ್ಲಿ ಪಕ್ಕದಲ್ಲಿದ್ದ ಹೆಂಗಸು ಸೆರಗು ಮೂಗಿಗೆ ಒತ್ತಿಕೊಂಡಳು, ಪ್ರಮಿಳಾಳನ್ನೂ ಡಬ್ಬಿಯನ್ನೂ ನೋಡಿದಳು, ಎದ್ದುಹೋಗಿ ಬಾಗಿಲ ಬಳಿ ಕಂಬಿ ಹಿಡಿದು ನಿಂತಳು. ಖಾಲಿಯಾದ ಸೀಟಿಗೆ ಬರಲು ಹೋದವರೂ ಹತ್ತಿರ ಬಂದು ತಿರುಗಿದರು. ಅಷ್ಟು ಗದ್ದಲದ ಬಸ್ಸಿನಲ್ಲಿ ಅದೊಂದೇ ಖಾಲಿ ಸೀಟು. ಪ್ರಮಿಳಾ ಮೈ ಮುದುಡಲಿಲ್ಲ, ಡಬ್ಬಿಯನ್ನು ಸೆರಗಿನೊಳಗೆ ಅಡಗಿಸಲಿಲ್ಲ. ಫೋನು ನಡುಗಿತು.

'ಪ್ರಮಿಳಾ, ಏನ ಬರದೀರಿ ಇದು?'

'ಖರೇ ಬರದೇನ್ರಿ ಸರ್.'

'ಯಾರಿಗೂ ಕಳಸಿಲ್ಲಲ್ಲ ಇನ್ನ?'

'ಮುಕ್ತಾ ಮೇಡಮ್‌ಗೆ ಕಳಸೇನ್ರಿ. ನಿಮಗಿಂತ ಮೊದಲ.'

ಫೋನಿನಲ್ಲಿ ಆ ಕಡೆಯ ಮೈದಾನದ ಸದ್ದು ಕೇಳುತ್ತಿತ್ತು, ಏಕ್ ದೋ ಏಕ್. 'ಕೀಲಿ ನಿಮ್ಮ ಹತ್ರ ಒಂದದ,' ಎಂದರು ಕೊನೆಗೆ, ಸಿಟ್ಟಿಲ್ಲದೆ, ಅದೇ ಕೆಟ್ಟದ್ದು. 'ಅದನ್ನೂ ಆ ಡಬ್ಬೀನೂ ಟೇಬಲ್ ಮ್ಯಾಲ ಇಟ್ಟ ಹೋಗ್ರಿ.' ಅವಳು ಹೂಂ ಅಂದಳು. ಫೋನು ಚೀಲಕ್ಕೆ ಹಾಕಿದಳು. ಡಬ್ಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು, ಒಳಗೆ ಹಲ್ಲುಗಳು ಮರಳಿನ ಹಾಗೆ ಸರಸರ ಅಂದವು.

ಮಚ್ಛೆ ದಾಟಿದ ಮೇಲೆ ಕಂಡಕ್ಟರ್ ಎಣಿಸುತ್ತ ಬಂದ, ಸೀಟಿನ ಬೆನ್ನುಗಳನ್ನು ಬೆರಳಲ್ಲಿ ಬಡಿಯುತ್ತ. ಅವಳ ಬಳಿ ಬಂದು ಒಂದು ಸಲ ಬಡಿದ. ಆಮೇಲೆ ಖಾಲಿ ಸೀಟಿನ ಬೆನ್ನನ್ನು ಬಡಿದ. ಎರಡು ಹೆಜ್ಜೆ ಮುಂದೆ ಹೋದವನು ನಿಂತ, ತಿರುಗಿದ, ಮೂಗು ಮುಚ್ಚಿಕೊಳ್ಳಲಿಲ್ಲ. ಯಂತ್ರದ ಮೇಲೆ ಹೆಬ್ಬೆರಳು ಇಟ್ಟುಕೊಂಡು ಆ ಸೀಟಿನ ಕಡೆ ಮುಖ ಮಾಡಿ, ದಿನಕ್ಕೆ ನೂರು ಸಲ ಕೇಳುವ ದನಿಯಲ್ಲಿ ಕೇಳಿದ, 'ಬಾಜೂಕಿನವರ್ದ ಟಿಕೆಟ್ ಆಗೇತೇನ್ರಿ?'

ಪ್ರಮಿಳಾ ಅವನ ಕಣ್ಣು ನೋಡಿದಳು. ಅದರಲ್ಲಿ ಚಾಷ್ಟಿ ಇರಲಿಲ್ಲ.

'ಇಲ್ರಿ,' ಅಂದಳು. 'ಈಗ ಕೊಡ್ರಿ.'

ಯಂತ್ರ ಕಿರ್ರೆಂದು ಒಂದು ಚೀಟಿ ಬಿಟ್ಟಿತು. ಅವನು ಅದನ್ನು ಹರಿದು, ಅವಳ ಕೈಗಲ್ಲ, ಖಾಲಿ ಸೀಟಿನ ಮೇಲೆ ಇಟ್ಟು ಮುಂದೆ ಹೋದ. ಕಿಟಕಿಯ ಗಾಳಿಗೆ ಅದು ಹಾರಲಿಲ್ಲ. ಸೊನ್ನೆ ರೂಪಾಯಿ ಎಂದು ಬರೆದಿತ್ತು. ಪ್ರಯಾಣಿಕರು ಒಬ್ಬರು ಎಂದು ಅದರ ಕೆಳಗೆ.